ಆಟ ಕೆಡಿಸುವ ಸ್ಪೆಲ್ ಸರಿಪಡಿಸುವುದು ಹೇಗೆ? ದಾಳ ಮುಟ್ಟುವ ಮುಂಚೆ ಓದಿ

ಡಂಜನ್ಸ್ ಆಂಡ್ ಡ್ರ್ಯಾಗನ್ಸ್ ಎಂದರೆ ಟೇಬಲ್ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಹಾಕಿ ಆಡುವ ಕಥೆಯಾಟ. ಆ ಪಾತ್ರಗಳು ಹಾಕುವ ಮಂತ್ರವೇ ಸ್ಪೆಲ್. ಈ ಆಟ ಆಡಿಸುವ ಡಿಎಂಗಳು (ಡಂಜನ್ ಮಾಸ್ಟರ್, ಕಥೆಯನ್ನೂ ಶತ್ರುಗಳನ್ನೂ ನಡೆಸುವವರು) ನನ್ನ ಹತ್ತಿರ ತರುವ ದೂರು ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. "ಆ ಒಂದು ಸ್ಪೆಲ್ ಇಡೀ ಆಟ ಹಾಳು ಮಾಡ್ತಿದೆ. ದಾಳ ಕಡಿಮೆ ಮಾಡಿದೆ, ಆದ್ರೂ ಸರಿಹೋಗಲಿಲ್ಲ. ಈಗ ಆ ಪ್ಲೇಯರ್ ಬೇರೆ ಮುನಿಸಿಕೊಂಡಿದ್ದಾನೆ." ಮೂರು ಮಾತೂ ಇದೇ ಕ್ರಮದಲ್ಲಿ ಬರುತ್ತವೆ, ಏಕೆಂದರೆ ಕೆಲಸ ಮಾಡಿದ್ದೂ ಅದೇ ಕ್ರಮದಲ್ಲಿ. ಮೊದಲು ಕತ್ತರಿ, ಆಮೇಲೆ ರೋಗ ಯಾವುದೆಂಬ ಯೋಚನೆ, ಎಲ್ಲ ಮುಗಿದ ಮೇಲೆ ಪ್ಲೇಯರ್ ಜೊತೆ ಮಾತು. ಈ ಕ್ರಮವನ್ನು ತಲೆಕೆಳಗು ಮಾಡಿದರೆ ಮುಕ್ಕಾಲು ಪಾಲು ಕೆಲಸ ಆದಂತೆ.

ಉದ್ದಕ್ಕೂ ಒಂದೇ ಸ್ಪೆಲ್ ಹಿಡಿದು ತೋರಿಸುತ್ತೇನೆ: ಹೀಲಿಂಗ್ ಸ್ಪಿರಿಟ್. 2017ರ 'ಜ್ಯಾನಥರ್ಸ್ ಗೈಡ್ ಟು ಎವೆರಿಥಿಂಗ್' ಪುಸ್ತಕದಲ್ಲಿ ಬಂದ, ಗಾಯ ವಾಸಿ ಮಾಡುವ 2ನೇ ಲೆವೆಲ್ ಸ್ಪೆಲ್ ಇದು (ಸ್ಪೆಲ್‌ಗಳ ಬಲ 1ರಿಂದ 9ನೇ ಲೆವೆಲ್ ತನಕ). 2020ರಲ್ಲಿ ಪ್ರಕಾಶಕರೇ ಇದನ್ನು ತಿದ್ದಿದರು. ಕೆಟ್ಟ ರೂಪವೂ ತಿದ್ದಿದ ರೂಪವೂ ಎರಡೂ ನಮ್ಮ ಕೈಯಲ್ಲಿರುವುದರಿಂದ ನಮ್ಮ ಲೆಕ್ಕ ಸರಿಯೋ ತಪ್ಪೋ ಎಂದು ತಾಳೆ ನೋಡಬಹುದು. ಬೇರೆ ಹೇಳದಿದ್ದರೆ ನಾನು ಕೊಡುವ ಅಂಕಿಗಳೆಲ್ಲ 2014ರ ನಿಯಮಗಳವು.

## ಕೈಯಲ್ಲಿ ಏನೇನಿರಬೇಕು

ಸ್ಪೆಲ್‌ನ ಪೂರ್ತಿ ಪಠ್ಯ, ಅದೂ ಇತ್ತೀಚಿನ ತಿದ್ದುಪಡಿ ಸೇರಿದ್ದು. 'ಡಂಜನ್ ಮಾಸ್ಟರ್ಸ್ ಗೈಡ್'ನಲ್ಲಿ ಹೊಸ ಸ್ಪೆಲ್ ರಚಿಸುವವರಿಗಾಗಿ ಕೊಟ್ಟಿರುವ ಡ್ಯಾಮೇಜ್ ಕೋಷ್ಟಕ. ಒಂದು ನೋಟ್‌ಬುಕ್, ಒಂದು ಕ್ಯಾಲ್ಕ್ಯುಲೇಟರ್. ನಿಮ್ಮ ಪಾರ್ಟಿಯ, ಅಂದರೆ ಒಟ್ಟಿಗೆ ಆಡುವ ಪಾತ್ರಗಳ ತಂಡದ, ಪ್ರತಿಯೊಬ್ಬರ ಹಿಟ್ ಪಾಯಿಂಟ್ (ಎಷ್ಟು ಏಟು ತಾಳಬಲ್ಲರು ಎಂಬ ಅಂಕಿ). ಇಷ್ಟೇ ಸಾಮಾನು. ಸಮಯ ಮಾತ್ರ ಕನಿಷ್ಠ ಆರು ಸೆಷನ್ (ಸೆಷನ್ ಎಂದರೆ ಒಂದು ದಿನದ ಆಟ) ಹಿಡಿಯುತ್ತದೆ. ಅವಸರ ಇದ್ದವರು ಇಲ್ಲೇ ಸೋಲುವುದು.

ದಾಳದ ಸರಾಸರಿ ಬಾಯಿಪಾಠ ಇರಲಿ (1ಡಿ4 ಎಂದರೆ ನಾಲ್ಕು ಮುಖದ ಒಂದು ದಾಳ, 2ಡಿ8 ಎಂದರೆ ಎಂಟು ಮುಖದ ಎರಡು): 1ಡಿ4ಕ್ಕೆ 2.5, 1ಡಿ6ಕ್ಕೆ 3.5, 1ಡಿ8ಕ್ಕೆ 4.5, 1ಡಿ10ಕ್ಕೆ 5.5. ಮುಂದಿನ ಲೆಕ್ಕವೆಲ್ಲ ಈ ನಾಲ್ಕು ಸಂಖ್ಯೆಗಳ ಮೇಲೆ ನಿಂತಿದೆ.

## ಹಂತ 1: ಪಠ್ಯವನ್ನು ಒಂದಕ್ಷರ ಬಿಡದೆ ಓದಿ

ನನ್ನ ಹತ್ತಿರ ಬಂದ ದೂರುಗಳಲ್ಲಿ ಎಷ್ಟೋ ಇಲ್ಲೇ ಮುಗಿದಿವೆ. ಸ್ಪೆಲ್ ಸರಿಯಾಗೇ ಇರುತ್ತದೆ, ಟೇಬಲ್‌ನಲ್ಲಿ ಅದನ್ನು ತಪ್ಪಾಗಿ ಆಡಿಸುತ್ತಿರುತ್ತಾರೆ. ಮರೆತುಹೋಗುವ ನಿಯಮಗಳೂ ಸಾಮಾನ್ಯವಾಗಿ ಇವೇ.

ಕಾನ್ಸಂಟ್ರೇಶನ್ ಇರುವ, ಅಂದರೆ ಗಮನ ಇಟ್ಟಿರುವಷ್ಟು ಹೊತ್ತೇ ನಡೆಯುವ ಸ್ಪೆಲ್ ಹಿಡಿದುಕೊಂಡವರು ಏಟು ಬಿದ್ದಾಗಲೆಲ್ಲ ಕಾನ್‌ಸ್ಟಿಟ್ಯೂಶನ್ (ಮೈಗಟ್ಟಿತನ) ಸೇವ್ ಮಾಡಬೇಕು. ಸೇವ್ ಎಂದರೆ ಇಪ್ಪತ್ತು ಮುಖದ ದಾಳ ಹಾಕಿ ಡಿಸಿ ಎಂಬ ಗುರಿ ಸಂಖ್ಯೆ ಮುಟ್ಟುವುದು, ಸೋತರೆ ಸ್ಪೆಲ್ ನಿಲ್ಲುತ್ತದೆ. ಡಿಸಿ 10 ಅಥವಾ ಬಿದ್ದ ಡ್ಯಾಮೇಜಿನ ಅರ್ಧ, ಎರಡರಲ್ಲಿ ಯಾವುದು ಹೆಚ್ಚೋ ಅದು. ಮೂರು ಬಾಣ ಬಿದ್ದರೆ ಮೂರು ಸೇವ್. ಇದನ್ನು ಕೇಳಲು ಡಿಎಂ ಮರೆತರೆ ಕಾನ್ಸಂಟ್ರೇಶನ್ ಎಂಬ ಬೆಲೆಯೇ ಇಲ್ಲವಾಗುತ್ತದೆ, ಆಗ ಯಾವ ಸ್ಪೆಲ್ ಆದರೂ ಅತಿಯಾಗಿಯೇ ಕಾಣುತ್ತದೆ.

ಕಾಳಗದಲ್ಲಿ ಪ್ರತಿಯೊಬ್ಬರ ಸರದಿಗೆ ಟರ್ನ್ ಎನ್ನುತ್ತಾರೆ, ಎಲ್ಲರ ಟರ್ನ್ ಸೇರಿದರೆ ಒಂದು ರೌಂಡ್. ಒಂದು ಟರ್ನ್‌ನಲ್ಲಿ ಒಂದು ಆಕ್ಷನ್, ಕೆಲವೊಮ್ಮೆ ಅದರ ಜೊತೆ ಒಂದು ಚಿಕ್ಕ ಬೋನಸ್ ಆಕ್ಷನ್. ಬೋನಸ್ ಆಕ್ಷನ್‌ನಲ್ಲಿ ಒಂದು ಸ್ಪೆಲ್ ಹಾಕಿದರೆ ಆ ಟರ್ನ್‌ನಲ್ಲಿ ಹಾಕಬಹುದಾದ ಇನ್ನೊಂದು ಸ್ಪೆಲ್ ಎಂದರೆ ಒಂದು ಆಕ್ಷನ್ ಹಿಡಿಯುವ ಕ್ಯಾಂಟ್ರಿಪ್ (ಖರ್ಚಿಲ್ಲದ ಸಣ್ಣ ಸ್ಪೆಲ್) ಮಾತ್ರ. ಹೀಲಿಂಗ್ ಸ್ಪಿರಿಟ್ ಬೋನಸ್ ಆಕ್ಷನ್ ಸ್ಪೆಲ್. ಅದರ ಜೊತೆಗೇ ಇನ್ನೊಂದು ದೊಡ್ಡ ಸ್ಪೆಲ್ ಹಾಕುವ ಡ್ರೂಯಿಡ್ (ಪ್ರಕೃತಿಯ ಮಂತ್ರವಾದಿಯ ಪಾತ್ರ) ನಿಮ್ಮ ಟೇಬಲ್‌ನಲ್ಲಿದ್ದರೆ ಮೊದಲು ಅದನ್ನು ನಿಲ್ಲಿಸಿ.

ಇನ್ನೊಂದು, ಯಾರು ಆಯ್ಕೆ ಮಾಡಬೇಕು ಎಂಬುದು. ಪ್ರಾಣಿಗಳನ್ನು ಕರೆಸುವ ಕಂಜೂರ್ ಆನಿಮಲ್ಸ್ ಹಾಕಿದಾಗ ಎಷ್ಟು ಪ್ರಾಣಿ ಬೇಕು ಎಂಬುದು ಪ್ಲೇಯರ್ ಆಯ್ಕೆ. ಯಾವ ಪ್ರಾಣಿ ಬರುತ್ತದೆ ಎಂಬುದು ಡಿಎಂ ಕೈಯಲ್ಲಿದೆ ಎಂದು ಪ್ರಕಾಶಕರ ಅಧಿಕೃತ ಸ್ಪಷ್ಟೀಕರಣವೇ ಇದೆ. ಈ ಒಂದು ಮಾತು ಗೊತ್ತಿಲ್ಲದೆ ಆ ಸ್ಪೆಲ್ಲನ್ನೇ ನಿಷೇಧ ಮಾಡಿದವರಿದ್ದಾರೆ.

ಓದುವಾಗ ಪೆನ್ಸಿಲ್ ಹಿಡಿದು ಈ ಐದಕ್ಕೆ ಗೆರೆ ಎಳೆಯಿರಿ: ಯಾವ ಆಕ್ಷನ್, ಎಷ್ಟು ಹೊತ್ತು, ಎಷ್ಟು ಜನಕ್ಕೆ, ಎಷ್ಟು ಬಾರಿ, ತಪ್ಪಿಸಿಕೊಳ್ಳುವ ದಾರಿ. ಐದರಲ್ಲಿ ಯಾವುದಕ್ಕೆ ಪಠ್ಯದಲ್ಲಿ ಮಿತಿಯೇ ಇಲ್ಲವೋ ಅಲ್ಲಿ ಒಂದು ಸುತ್ತು ಹಾಕಿ. ಹೀಲಿಂಗ್ ಸ್ಪಿರಿಟ್ 2017ರ ಪಠ್ಯದಲ್ಲಿ ಹೀಗಿದೆ: ಬೋನಸ್ ಆಕ್ಷನ್, 60 ಅಡಿ ದೂರ, ಕಾನ್ಸಂಟ್ರೇಶನ್, ಒಂದು ನಿಮಿಷ. 5 ಅಡಿಯ ಒಂದು ಚೌಕದಲ್ಲಿ ಆತ್ಮವೊಂದು ನಿಲ್ಲುತ್ತದೆ. ಯಾರಾದರೂ ಒಂದು ಟರ್ನ್‌ನಲ್ಲಿ ಮೊದಲ ಸಲ ಆ ಜಾಗಕ್ಕೆ ಕಾಲಿಟ್ಟರೆ, ಅಥವಾ ಅಲ್ಲೇ ಟರ್ನ್ ಶುರು ಮಾಡಿದರೆ, 1ಡಿ6 ಹಿಟ್ ಪಾಯಿಂಟ್ ವಾಪಸ್. ಸುತ್ತು ಎಲ್ಲಿ ಬಿತ್ತು? "ಎಷ್ಟು ಜನಕ್ಕೆ" ಮತ್ತು "ಎಷ್ಟು ಬಾರಿ". ಎರಡಕ್ಕೂ ಮಿತಿ ಇಲ್ಲ.

## ಹಂತ 2: ಮೂರು ಸೆಷನ್ ಬರೆದಿಡಿ, ಏನನ್ನೂ ಬದಲಿಸಬೇಡಿ

ಇದು ಕಷ್ಟದ ಹಂತ, ಏಕೆಂದರೆ ಇಲ್ಲಿ ಕೈಕಟ್ಟಿ ಕೂರಬೇಕು. ಆದರೆ ನೆನಪು ನಂಬಿ ಕೆಲಸ ಮಾಡಿದರೆ ಒಂದು ಕೆಟ್ಟ ಸಂಜೆಯ ಸಿಟ್ಟಿಗೆ ನಿಯಮ ಬರೆದ ಹಾಗಾಗುತ್ತದೆ.

ಸ್ಪೆಲ್ ಹಾಕಿದಾಗಲೆಲ್ಲ ಒಂದು ಸಾಲು ಸಾಕು: ಯಾವ ಲೆವೆಲ್ ಸ್ಲಾಟ್ (ಸ್ಪೆಲ್ ಹಾಕಲು ಖರ್ಚು ಮಾಡುವ, ಇಂತಿಷ್ಟೇ ಎಂದಿರುವ ಅವಕಾಶ), ಕಾಳಗದ ಒಳಗೋ ಹೊರಗೋ, ಎಷ್ಟು ರೌಂಡ್ ನಡೆಯಿತು, ಏನು ಫಲ, ಗಡಿಯಾರದಲ್ಲಿ ಎಷ್ಟು ನಿಮಿಷ ಹೋಯಿತು. ಭಾನುವಾರ ಮಧ್ಯಾಹ್ನ ಕೂರುವ ನಮ್ಮ ಟೇಬಲ್‌ನ ನೋಟ್‌ಬುಕ್‌ನಲ್ಲಿ ಒಂದು ದಿನದ ಎರಡು ಸಾಲು ಹೀಗಿವೆ:

"ಸೇತುವೆ ಕಾಳಗ: 2ನೇ ಸ್ಲಾಟ್, 3 ರೌಂಡ್, 5 ಬಾರಿ, ಒಟ್ಟು 18, 2 ನಿಮಿಷ."
"ಕಾಳಗ ಮುಗಿದ ಮೇಲೆ: 2ನೇ ಸ್ಲಾಟ್, 8 ರೌಂಡ್, 21 ಬಾರಿ, ಒಟ್ಟು 71, ಎಲ್ಲರೂ ಫುಲ್, 9 ನಿಮಿಷ."

ಈ ಎರಡು ಸಾಲು ಒಂದರ ಕೆಳಗೊಂದು ಕಂಡಾಗಲೇ ನನಗೆ ಕಣ್ಣು ಬಿಟ್ಟದ್ದು. ಸ್ಪೆಲ್ ಒಂದೇ, ಸ್ಲಾಟ್ ಒಂದೇ, ಹಾಕಿದವರೂ ಒಬ್ಬರೇ. ಕಾಳಗದ ಒಳಗೆ 18, ಹೊರಗೆ 71. ಅಲ್ಲಿಯವರೆಗೆ ನಾನು ಬೈದುಕೊಳ್ಳುತ್ತಿದ್ದದ್ದು ಕಾಳಗದ ಒಳಗಿನ ಬಳಕೆಯನ್ನು. ಹೊಡೆದು ಉರುಳಿಸಿದ ಫೈಟರ್ ಮತ್ತೆ ಎದ್ದು ನಿಂತಾಗ ನನ್ನ ಓಗರ್ ದೈತ್ಯರ ಶ್ರಮ ವ್ಯರ್ಥವಾಯಿತಲ್ಲ ಎಂಬ ಹೊಟ್ಟೆಯುರಿ ಅದು. ಬರೆದಿಡದಿದ್ದರೆ ತಪ್ಪು ಜಾಗಕ್ಕೇ ಕೈ ಹಾಕುತ್ತಿದ್ದೆ.

ಎಚ್ಚರಿಕೆ: ಮೂರು ಸೆಷನ್‌ನಲ್ಲಿ ಒಂದೇ ಸಲ ತೊಂದರೆ ಕಂಡಿದ್ದರೆ ಅದು ಸ್ಪೆಲ್ ತಪ್ಪಲ್ಲ, ಆ ದಿನದ ಕಾಳಗದ ರಚನೆಯದು. ಅಲ್ಲಿಗೇ ನಿಲ್ಲಿಸಿ.

## ಹಂತ 3: ರೋಗಕ್ಕೆ ಹೆಸರಿಡಿ

"ಪವರ್ ಜಾಸ್ತಿ" ಎಂಬುದು ರೋಗದ ಹೆಸರಲ್ಲ. ನಾನು ಕಂಡಂತೆ ಕೆಟ್ಟ ಸ್ಪೆಲ್‌ಗಳಲ್ಲಿ ಇರುವ ರೋಗಗಳು ಬೇರೆ ಬೇರೆ ಜಾತಿಯವು, ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ.

ಗುಣಾಕಾರದ ರೋಗ. ಪ್ರತಿ ಸಲದ ಫಲ ಸಣ್ಣದು, ಆದರೆ ಎಷ್ಟು ಸಲ ಎಂಬುದಕ್ಕೆ ಮಿತಿ ಇಲ್ಲ. ಹೀಲಿಂಗ್ ಸ್ಪಿರಿಟ್ ಇದಕ್ಕೆ ಸೇರಿದ್ದು.

ಬಾಗಿಲಿಲ್ಲದ ಮನೆ. ಸಿಕ್ಕಿಕೊಂಡವರಿಗೆ ಹೊರಬರುವ ದಾರಿ ತೀರಾ ಕಡಿಮೆ. ಶತ್ರುವನ್ನು ಪಂಜರದಲ್ಲಿ ಕೂಡಿಹಾಕುವ 2014ರ ಫೋರ್ಸ್‌ಕೇಜ್ ನೋಡಿ: ಪೂರ್ತಿ ಒಳಗಿದ್ದವರಿಗೆ ಸೇವ್ ಇಲ್ಲ, ಕಾನ್ಸಂಟ್ರೇಶನ್ ಬೇಕಿಲ್ಲ, ಒಂದು ಗಂಟೆ. ಟೆಲಿಪೋರ್ಟ್ ಬಾರದ ರಾಕ್ಷಸ ಅಲ್ಲಿಗೆ ಮುಗಿದ. ಈ ಸ್ಪೆಲ್‌ನಲ್ಲಿ ಕಡಿಮೆ ಮಾಡಲು ದಾಳವೇ ಇಲ್ಲ. 2024ರ ಆವೃತ್ತಿಯಲ್ಲಿ ಅದಕ್ಕೆ ಕಾನ್ಸಂಟ್ರೇಶನ್ ಸೇರಿಸಿದರು, ಅಂದರೆ ಸ್ಪೆಲ್ ಹಾಕಿದವರನ್ನು ಹೊಡೆದರೆ ಬಾಗಿಲು ತೆರೆಯುವ ಸಾಧ್ಯತೆ ಬಂತು.

ಚಿಲ್ಲರೆ ಕೊಟ್ಟು ಚಿನ್ನ ಕೊಳ್ಳುವುದು. 2021ರಲ್ಲಿ ಬಂದ ಸಿಲ್ವರಿ ಬಾರ್ಬ್ಸ್ 1ನೇ ಲೆವೆಲ್ ಸ್ಪೆಲ್. ಶತ್ರು ಸೇವ್‌ನಲ್ಲಿ ಗೆದ್ದರೆ ರಿಯಾಕ್ಷನ್ (ಥಟ್ಟನೆ ಪ್ರತಿಕ್ರಿಯಿಸುವ ಅವಕಾಶ) ಖರ್ಚು ಮಾಡಿ ಮತ್ತೆ ದಾಳ ಹಾಕಿಸಬಹುದು. ಶತ್ರು ಸೋಲುವ ಸಾಧ್ಯತೆ 50% ಇದ್ದದ್ದು 75% ಆಗುತ್ತದೆ. ಆ ಸೇವ್ 9ನೇ ಲೆವೆಲ್ ಸ್ಪೆಲ್‌ಗಾದರೂ ಬೆಲೆ ಅದೇ ಒಂದು 1ನೇ ಲೆವೆಲ್ ಸ್ಲಾಟ್. ಸಾರ್ಸರರ್ ಎಂಬ ಮಂತ್ರವಾದಿಗೆ ಹೈಟನ್ಡ್ ಸ್ಪೆಲ್ ಎಂಬ ತನ್ನ ವಿಶೇಷ ಶಕ್ತಿಯಿಂದ ಇಂಥದ್ದೇ ಫಲ ಸಿಗಬೇಕಾದರೆ ತನ್ನ ಸಾರ್ಸರಿ ಪಾಯಿಂಟ್‌ಗಳಲ್ಲಿ 3 ಕೊಡಬೇಕು, ಅದೂ ದಾಳ ಉರುಳುವ ಮೊದಲೇ. ಆ ಸಾರ್ಸರರ್ 2 ಪಾಯಿಂಟ್‌ಗೆ ಒಂದು 1ನೇ ಲೆವೆಲ್ ಸ್ಲಾಟ್ ಮಾಡಿಕೊಳ್ಳಬಹುದು ಎಂಬುದನ್ನು ಪಕ್ಕದಲ್ಲಿಟ್ಟು ನೋಡಿ. ಇಲ್ಲಿ ಕೆಟ್ಟಿರುವುದು ಬೆಲೆ. ಮದ್ದೂ ಬೆಲೆಯಲ್ಲೇ ಇರಬೇಕು: ಯಾವ ಲೆವೆಲ್ ಸ್ಪೆಲ್‌ನ ಸೇವ್ ಕೆಡಿಸಬೇಕೋ ಅದೇ ಲೆವೆಲ್ ಸ್ಲಾಟ್ ಖರ್ಚು ಮಾಡಲಿ.

ಹೊತ್ತು ತಿನ್ನುವ ಸ್ಪೆಲ್. ಇದನ್ನು ಕೊನೆಯಲ್ಲಿ ಪ್ರತ್ಯೇಕವಾಗಿ ಹೇಳುತ್ತೇನೆ.

ಇನ್ನೊಬ್ಬರ ತಟ್ಟೆಗೆ ಕೈ ಹಾಕುವುದು. ಸ್ಪೆಲ್ ಒಳ್ಳೆಯದೇ, ಆದರೆ ಪಾರ್ಟಿಯಲ್ಲಿ ಇನ್ನೊಬ್ಬರು ಆಡಲೆಂದೇ ಬಂದ ಕೆಲಸವನ್ನು ಕಸಿಯುತ್ತದೆ. ಹೀಲಿಂಗ್ ಸ್ಪಿರಿಟ್‌ಗೆ ಈ ರೋಗವೂ ಅಂಟಿತ್ತು, ಕ್ಲೆರಿಕ್ (ಗಾಯ ವಾಸಿ ಮಾಡುವ ಪುರೋಹಿತನ ಪಾತ್ರ) ಆಗಿ ಬಂದವರಿಗೆ ಕಾಳಗ ಮುಗಿದ ಮೇಲೆ ಕೆಲಸವೇ ಉಳಿದಿರಲಿಲ್ಲ.

ಕೊನೆಯದಾಗಿ, ನಿಜಕ್ಕೂ ಸಂಖ್ಯೆಯೇ ಹೆಚ್ಚಾದದ್ದು. ಪ್ರಕಟಿತ ಸ್ಪೆಲ್‌ಗಳಲ್ಲಿ ಇದು ಅಪರೂಪ. ನಾವೇ ಬರೆದ ಸ್ಪೆಲ್‌ಗಳಲ್ಲಿ ಮಾತ್ರ ಧಾರಾಳ.

ನಿಮ್ಮ ಸ್ಪೆಲ್‌ಗೆ ಎರಡು ರೋಗ ಇದ್ದರೆ ದೊಡ್ಡದನ್ನು ಮಾತ್ರ ಮೊದಲು ಹಿಡಿಯಿರಿ. ಸಣ್ಣದು ಎಷ್ಟೋ ಸಲ ಅದರ ಜೊತೆಗೇ ಹೋಗುತ್ತದೆ.

## ಹಂತ 4: ಅಕ್ಕಪಕ್ಕದ ಸ್ಪೆಲ್‌ಗಳ ಜೊತೆ ತೂಗಿ

ಒಂದು ಸ್ಪೆಲ್ ಭಾರವೋ ಹಗುರವೋ ಎಂದು ಅದೊಂದನ್ನೇ ನೋಡಿ ಹೇಳಲಾಗದು. ಅದೇ ಲೆವೆಲ್‌ನ, ಅದೇ ಕೆಲಸ ಮಾಡುವ ಎರಡು ಸ್ಪೆಲ್, ಮೇಲಿನ ಲೆವೆಲ್‌ನ ಒಂದು ಸ್ಪೆಲ್, ಒಟ್ಟು ಮೂರನ್ನು ಆರಿಸಿ.

ನಮ್ಮ ಪಾರ್ಟಿ ಆಗ 3ನೇ ಲೆವೆಲ್‌ನಲ್ಲಿತ್ತು (ಇದು ಪಾತ್ರದ ಲೆವೆಲ್, ಸ್ಪೆಲ್‌ನದಲ್ಲ). ಫೈಟರ್, ರೋಗ್ (ಕಳ್ಳನ ಪಾತ್ರ), ಡ್ರೂಯಿಡ್, ವಿಜರ್ಡ್. ಎಲ್ಲರಿಗೂ ಕಾನ್‌ಸ್ಟಿಟ್ಯೂಶನ್ +2 ಎಂದಿಟ್ಟುಕೊಂಡರೆ ಹಿಟ್ ಪಾಯಿಂಟ್ 28, 24, 24, 20. ನಾಲ್ವರದೂ ಸೇರಿ 96. ಡ್ರೂಯಿಡ್‌ನ ವಿಸ್ಡಮ್ ಮಾಡಿಫೈಯರ್ (ಸ್ಪೆಲ್ ಲೆಕ್ಕಕ್ಕೆ ಸೇರಿಸುವ ಅಂಕಿ) +3.

2ನೇ ಲೆವೆಲ್ ಸ್ಲಾಟ್‌ನಲ್ಲಿ ಕ್ಯೂರ್ ವೂಂಡ್ಸ್: 2ಡಿ8 ಮತ್ತು 3, ಸರಾಸರಿ 12. ಒಬ್ಬರಿಗೆ ಮಾತ್ರ.
ಕ್ಲೆರಿಕ್ ಹಾಕುವ ಪ್ರೇಯರ್ ಆಫ್ ಹೀಲಿಂಗ್, ಅದೂ 2ನೇ ಲೆವೆಲ್: ತಲಾ 12, ನಾಲ್ವರಿಗೆ 48. ಆದರೆ ಹಾಕಲು 10 ನಿಮಿಷ ಬೇಕು.
ಔರಾ ಆಫ್ ವೈಟಾಲಿಟಿ, 3ನೇ ಲೆವೆಲ್: ಬೋನಸ್ ಆಕ್ಷನ್‌ಗೆ 2ಡಿ6, ಹತ್ತು ರೌಂಡ್‌ಗೆ 70.
ಹೀಲಿಂಗ್ ಸ್ಪಿರಿಟ್, 2017ರ ರೂಪ: ನಾಲ್ವರೂ ಸಾಲಾಗಿ ನಿಂತು ಪ್ರತಿ ರೌಂಡ್ ಒಬ್ಬೊಬ್ಬರಾಗಿ ಚೌಕದೊಳಗೆ ಹೋಗಿ ಬಂದರೆ 4 ಸಲ 10 ಸಲ 3.5, ಒಟ್ಟು 140.

ಇಡೀ ಪಾರ್ಟಿಗೆ ಇರುವುದೇ 96 ಹಿಟ್ ಪಾಯಿಂಟ್. ಸಾವಿನ ಅಂಚಿನಲ್ಲಿರುವ ನಾಲ್ವರನ್ನೂ ಒಂದೇ ಸ್ಲಾಟ್ ಒಂದೇ ನಿಮಿಷದಲ್ಲಿ ಪೂರ್ತಿ ಎಬ್ಬಿಸಿ, ಇನ್ನೂ 44 ಮಿಗಿಸುತ್ತದೆ. 3ನೇ ಲೆವೆಲ್ ಡ್ರೂಯಿಡ್‌ಗೆ ಅಂಥ ಸ್ಲಾಟ್ ಎರಡಿವೆ.

ಮೇಲಿನ ಲೆವೆಲ್‌ನ ಸ್ಪೆಲ್ಲನ್ನೂ ಮೀರುತ್ತಿದ್ದರೆ ತಿದ್ದುವುದು ಖಂಡಿತ ಬೇಕು. ಅದೇ ಲೆವೆಲ್‌ನವುಗಳಿಗಿಂತ ಕಾಲು ಭಾಗ ಹೆಚ್ಚಿದೆ ಅಷ್ಟೇ ಎಂದಾದರೆ, ನನ್ನ ಅಭಿಪ್ರಾಯದಲ್ಲಿ, ಬಿಟ್ಟುಬಿಡಿ. ಒಂದು ಲೆವೆಲ್‌ನಲ್ಲಿ ಯಾವುದಾದರೂ ಒಂದು ಸ್ಪೆಲ್ ಮುಂದಿರಲೇಬೇಕು.

ಈ ಹಂತದಲ್ಲಿ ಎಲ್ಲರೂ ಮಾಡುವ ತಪ್ಪು ಫೈರ್‌ಬಾಲ್ ಅನ್ನು ಅಳತೆಗೋಲಾಗಿ ಹಿಡಿಯುವುದು. ಡಂಜನ್ ಮಾಸ್ಟರ್ಸ್ ಗೈಡ್ ಕೋಷ್ಟಕದ ಪ್ರಕಾರ ಹಲವರಿಗೆ ತಗಲುವ 3ನೇ ಲೆವೆಲ್ ಸ್ಪೆಲ್‌ಗೆ 6ಡಿ6, ಅಂದರೆ 21. ಫೈರ್‌ಬಾಲ್‌ನದು 8ಡಿ6, ಅಂದರೆ 28. ಅದು ಕೋಷ್ಟಕ ಮೀರಿದ ಸ್ಪೆಲ್. ಅದರ ಪಕ್ಕ ಇಟ್ಟರೆ ಭಾರದ ಸ್ಪೆಲ್ಲೂ ಹಗುರ ಕಾಣುತ್ತದೆ. ಒಬ್ಬರಿಗೆ ಮಾತ್ರ ತಗಲುವುದಕ್ಕೆ 5ಡಿ10 ಎಂಬುದು ಬೇರೆ ಕಾಲಂನಲ್ಲಿದೆ, ಎರಡನ್ನೂ ಬೆರೆಸಬೇಡಿ. ಹೀಲ್ ಮಾಡುವ ಸ್ಪೆಲ್‌ಗೂ ಇದೇ ಕೋಷ್ಟಕ ಬಳಸಬಹುದು, ಕ್ಯಾಂಟ್ರಿಪ್ ಮಾತ್ರ ಹೀಲ್ ಮಾಡಬಾರದು ಎಂದು ಆ ಪುಸ್ತಕವೇ ಹೇಳುತ್ತದೆ.

## ಹಂತ 5: ಒಂದೇ ಒಂದು ತಿರುಪು ತಿರುಗಿಸಿ

ಇದೇ ಮುಖ್ಯ ಕೆಲಸ. ಒಂದು ಸ್ಪೆಲ್‌ನಲ್ಲಿ ನೀವು ಬದಲಿಸಬಹುದಾದವು ಹಲವು, ಅವನ್ನು ಯೋಚಿಸಬೇಕಾದ ಕ್ರಮ ಹೀಗಿದೆ:

1. ಒಟ್ಟು ಎಷ್ಟು ಬಾರಿ
2. ಒಂದು ರೌಂಡ್‌ಗೆ ಎಷ್ಟು ಬಾರಿ
3. ತಪ್ಪಿಸಿಕೊಳ್ಳುವ ದಾರಿ: ಸೇವ್, ಪ್ರತಿ ಟರ್ನ್ ಕೊನೆಗೆ ಮತ್ತೊಂದು ಸೇವ್
4. ಹಿಡಿದಿಡುವ ಬೆಲೆ: ಕಾನ್ಸಂಟ್ರೇಶನ್, ಆಕ್ಷನ್
5. ಹೊತ್ತು, ದೂರ, ವಿಸ್ತಾರ
6. ಸ್ಲಾಟ್ ಲೆವೆಲ್
7. ದಾಳ

ದಾಳ ಕೊನೆಯಲ್ಲಿದೆ. ಏಕೆ ಎಂದು ನಮ್ಮ ಸ್ಪೆಲ್‌ನಲ್ಲೇ ನೋಡೋಣ. ಕಾಳಗದ ಒಳಗಿನ ಬಳಕೆಗೆ ಒಂದು ಮಾದರಿ ಇಟ್ಟುಕೊಳ್ಳಿ: ಮೂರು ರೌಂಡ್, ರೌಂಡ್‌ಗೆ ಇಬ್ಬರು ಆ ಚೌಕ ತಲುಪುತ್ತಾರೆ, ಅಂದರೆ 6 ಬಾರಿ. ಮೂಲ ಸ್ಪೆಲ್‌ನಲ್ಲಿ ಒಳಗೆ 21, ಹೊರಗೆ 140. ಈಗ ನಾಲ್ಕು ತಿದ್ದುಪಡಿ ಹಾಕಿ ನೋಡುತ್ತೇನೆ.

ಮೊದಲನೆಯದು, ಎಲ್ಲರೂ ಮಾಡುವುದು: 1ಡಿ6 ಬದಲು 1ಡಿ4. ಹೊರಗೆ 100, ಒಳಗೆ 15. ಹೊರಗಿನ 100 ಇನ್ನೂ ಪಾರ್ಟಿಯ 96ಕ್ಕಿಂತ ಹೆಚ್ಚು, ಅಂದರೆ ರೋಗಕ್ಕೆ ಏನೂ ಆಗಲಿಲ್ಲ. ಕಾಳಗದ ಒಳಗೆ ಸರಿಯಾಗೇ ಇದ್ದ 21 ಮಾತ್ರ 15ಕ್ಕೆ ಇಳಿಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಪ್ಲೇಯರ್ ಮುನಿಸಿಕೊಳ್ಳುವುದೂ ಈ ಕಾರಣಕ್ಕೇ: ಅವನಿಗೆ ಕಾಣುವುದು ಕಾಳಗದ ಒಳಗಿನ ನಷ್ಟ.

ಎರಡನೆಯದು: 2ನೇ ಲೆವೆಲ್ ಸ್ಪೆಲ್ಲನ್ನು 3ನೆಯದಕ್ಕೆ ಏರಿಸುವುದು. ಹೊರಗೆ ಅದೇ 140, ಔರಾ ಆಫ್ ವೈಟಾಲಿಟಿಯ ಎರಡರಷ್ಟು. ಒಳಗೆ ಮಾತ್ರ ದುಬಾರಿ ಸ್ಲಾಟ್‌ಗೆ ಅದೇ 21. ಈ ಬದಲಾವಣೆಯಿಂದ ತೊಂದರೆ ಪಾತ್ರದ ಎರಡು ಲೆವೆಲ್ ಮುಂದಕ್ಕೆ ಹೋಯಿತು ಅಷ್ಟೇ.

ಮೂರನೆಯದು: ಒಂದು ರೌಂಡ್‌ಗೆ ಒಬ್ಬರಿಗೆ ಮಾತ್ರ. ಹೊರಗೆ 35, ಒಳಗೆ 10.5. ಹೊರಗಿನದು ಪ್ರೇಯರ್ ಆಫ್ ಹೀಲಿಂಗ್‌ನ 48ಕ್ಕಿಂತ ಕಡಿಮೆ, ಸರಿಹೋಯಿತು. ಆದರೆ ಒಳಗಿನದು ಅರ್ಧ ಆಯಿತು. ಕಾಳಗ ಮುಗಿದ ಮೇಲೆ ಹಾಕುವುದೇ ಲಾಭ ಎಂಬ ಸ್ಪೆಲ್ ಆಗಿ ಇದು ಉಳಿಯುತ್ತದೆ. ಕೆಟ್ಟ ತಿದ್ದುಪಡಿಯಲ್ಲ, ಕ್ಲೆರಿಕ್ ಇಲ್ಲದ ಪಾರ್ಟಿಗೆ ನಾನು ಇದನ್ನೇ ಸೂಚಿಸಿದ್ದೂ ಇದೆ.

ನಾಲ್ಕನೆಯದು: ಒಟ್ಟು ಹೀಲ್ ಮಾಡುವುದು 1 ಮತ್ತು ಮಾಡಿಫೈಯರ್ ಸೇರಿದಷ್ಟು ಬಾರಿ, ಇಲ್ಲಿ 4. ಹೊರಗೆ 14, ಒಳಗೂ 14. ಕೆಟ್ಟಿದ್ದ ಕಡೆ 140 ಇದ್ದದ್ದು ಹತ್ತನೇ ಒಂದು ಭಾಗಕ್ಕೆ ಇಳಿಯಿತು, ಸರಿಯಿದ್ದ ಕಡೆ ಮೂರರಲ್ಲಿ ಎರಡು ಪಾಲು ಉಳಿಯಿತು. 14 ಎಂದರೆ ಕ್ಯೂರ್ ವೂಂಡ್ಸ್‌ನ 12ಕ್ಕಿಂತ ಸ್ವಲ್ಪ ಮುಂದೆ. ಅದೂ ಬೋನಸ್ ಆಕ್ಷನ್‌ನಲ್ಲಿ, 60 ಅಡಿ ದೂರದಿಂದ, ಬೇಕಾದವರಿಗೆ ಹಂಚಿ. ಕಾನ್ಸಂಟ್ರೇಶನ್ ಅದಕ್ಕೆ ತೆರುವ ಬೆಲೆ. 2020ರಲ್ಲಿ ಪ್ರಕಾಶಕರು ಮಾಡಿದ್ದು ಇದನ್ನೇ. ದಾಳ 1ಡಿ6 ಆಗಿಯೇ ಉಳಿಯಿತು.

ನೀವೂ ಪ್ರತಿ ತಿದ್ದುಪಡಿಗೆ ಹೀಗೇ ಎರಡು ಅಂಕಿ ಬರೆಯಿರಿ: ಕೆಟ್ಟಿರುವ ಕಡೆ ಎಷ್ಟಾಯಿತು, ಸರಿಯಿರುವ ಕಡೆ ಎಷ್ಟಾಯಿತು. ಮೊದಲನೆಯದು ತುಂಬ ಇಳಿಯಬೇಕು, ಎರಡನೆಯದು ಆದಷ್ಟು ಅಲ್ಲೇ ಇರಬೇಕು.

ದಾಳ ಇಲ್ಲದ ಸ್ಪೆಲ್‌ಗೂ ಇದೇ ದಾರಿ, ಅಂಕಿಯ ಬದಲು ರೌಂಡ್ ಎಣಿಸಿ. ಶತ್ರುಗಳನ್ನು ಮರುಳಾಗಿಸುವ ಹಿಪ್ನಾಟಿಕ್ ಪ್ಯಾಟರ್ನ್‌ನಲ್ಲಿ ಒಮ್ಮೆ ಸೋತವರಿಗೆ ಮತ್ತೆ ಸೇವ್ ಇಲ್ಲ. ಏಟು ಬೀಳಬೇಕು ಅಥವಾ ಯಾರಾದರೂ ಒಂದು ಆಕ್ಷನ್ ಖರ್ಚು ಮಾಡಿ ಅಲುಗಾಡಿಸಬೇಕು. ಅಲುಗಾಡದಂತೆ ಹಿಡಿದಿಡುವ ಹೋಲ್ಡ್ ಪರ್ಸನ್‌ನಲ್ಲಿ ಪ್ರತಿ ಟರ್ನ್ ಕೊನೆಗೆ ಸೇವ್ ಇದೆ. ಗೆಲ್ಲುವ ಸಾಧ್ಯತೆ 50% ಇದ್ದರೆ ಎರಡು ಟರ್ನ್ ಮುಗಿಯುವಷ್ಟರಲ್ಲಿ ನಾಲ್ವರಲ್ಲಿ ಮೂವರು ಹೊರಗೆ ಬಂದಿರುತ್ತಾರೆ. ಆ ಒಂದು ವಾಕ್ಯ ಸೇರಿಸಿದರೆ ಎಷ್ಟು ವ್ಯತ್ಯಾಸ ಎಂಬುದು ಇದರಿಂದ ತಿಳಿಯುತ್ತದೆ. ಸೇರಿಸುವ ಮುಂಚೆ ಎರಡು ಸಲ ಯೋಚಿಸಿ, ಅದು ಬಹಳ ದೊಡ್ಡ ಕಡಿತ.

## ಹಂತ 6: ವಾಕ್ಯ ಬರೆಯಿರಿ, ಆಮೇಲೆ ಅದನ್ನು ಮುರಿಯಲು ನೋಡಿ

ಬಾಯಿಮಾತಿನ ತಿದ್ದುಪಡಿ ಮುಂದಿನ ಸೆಷನ್‌ಗೆ ಜಗಳವಾಗುತ್ತದೆ. ಒಂದೆರಡು ವಾಕ್ಯದಲ್ಲಿ ಬರೆಯಿರಿ. ನಮ್ಮದು ಹೀಗಿದೆ: "ಆತ್ಮವು ಒಟ್ಟು 1 + ಸ್ಪೆಲ್‌ಕಾಸ್ಟಿಂಗ್ ಮಾಡಿಫೈಯರ್‌ನಷ್ಟು ಬಾರಿ ಹೀಲ್ ಮಾಡುತ್ತದೆ, ಕನಿಷ್ಠ 2 ಬಾರಿ. ಅಷ್ಟಾದ ಕೂಡಲೇ ಮಾಯವಾಗುತ್ತದೆ."

"ಕನಿಷ್ಠ 2" ಯಾಕೆ? ಈ ಸ್ಪೆಲ್ ರೇಂಜರ್ ಎಂಬ ಕಾಡು ಬೇಟೆಗಾರನ ಪಾತ್ರಕ್ಕೂ ಸಿಗುತ್ತದೆ, ವಿಸ್ಡಮ್ ಮಾಡಿಫೈಯರ್ 0 ಇರುವ ರೇಂಜರ್ ಕೂಡ ಇರಬಹುದು. ಅವನ ಸ್ಲಾಟ್‌ಗೆ 3.5 ಮಾತ್ರ ಸಿಗಬಾರದಲ್ಲ. ಇಂಥ ಕೊನೆಯ ಮೂಲೆಯಲ್ಲಿರುವವರನ್ನು ನೆನೆಸಿಕೊಂಡು ಬರೆಯಬೇಕು.

ಎಲ್ಲರೂ ಎಡವುವ ಪದ ಒಂದಿದೆ: ಟರ್ನ್ ಮತ್ತು ರೌಂಡ್. ಒಬ್ಬ ಡಿಎಂ "ಒಂದು ಟರ್ನ್‌ಗೆ ಒಮ್ಮೆ ಮಾತ್ರ" ಎಂದು ಬರೆದು ತೊಂದರೆ ತೀರಿತು ಎಂದುಕೊಂಡಿದ್ದರು. ಪ್ರತಿಯೊಬ್ಬರಿಗೂ ಅವರವರ ಟರ್ನ್ ಇದೆ. ನಾಲ್ವರು, ನಾಲ್ಕು ಟರ್ನ್, ನಾಲ್ಕು ಬಾರಿ. ಒಟ್ಟು ಅದೇ 140. ಅವರು ಬರೆಯಬೇಕಿದ್ದದ್ದು "ಒಂದು ರೌಂಡ್‌ಗೆ ಒಮ್ಮೆ".

ಬರೆದ ಮೇಲೆ ಅರ್ಧ ಗಂಟೆ ಬಿಟ್ಟು, ಅದರಿಂದ ಹೆಚ್ಚು ಲಾಭ ಹೊಡೆಯಬೇಕೆಂದು ಹಟ ಹಿಡಿದ ಪ್ಲೇಯರ್ ಕಣ್ಣಲ್ಲಿ ಓದಿ. ಮೇಲಿನ ಸ್ಲಾಟ್‌ನಲ್ಲಿ ಹಾಕಿದರೆ ಏನಾಗುತ್ತದೆ? ನಮ್ಮ ಸ್ಪೆಲ್‌ಗೆ ಪ್ರತಿ ಲೆವೆಲ್‌ಗೆ 1ಡಿ6 ಹೆಚ್ಚುತ್ತದೆ. 3ನೇ ಸ್ಲಾಟ್‌ನಲ್ಲಿ ಹೊಸ ರೂಪಕ್ಕೆ 4 ಸಲ 7, ಒಟ್ಟು 28. ಹಳೆಯದಕ್ಕೆ 280 ಆಗುತ್ತಿತ್ತು. ಶತ್ರುವೂ ಇದೇ ಸ್ಪೆಲ್ ಹಾಕಿದರೆ ಏನಾಗುತ್ತದೆ ಎಂದೂ ಕೇಳಿಕೊಳ್ಳಿ. ನಿಯಮ ಎರಡು ಕಡೆಗೂ ಒಂದೇ.

## ಹಂತ 7: ಪ್ಲೇಯರ್ ಜೊತೆ ಕೂತು ಮಾತಾಡಿ

ಸೆಷನ್ ನಡುವೆ ಬೇಡ, ಎಲ್ಲರೆದುರೂ ಬೇಡ. ಆಟದ ಮಧ್ಯೆ ತೊಂದರೆ ಕಂಡರೆ ಆ ದಿನ ಪುಸ್ತಕದಲ್ಲಿ ಇದ್ದ ಹಾಗೆ ಆಡಿಸಿ ಮುಗಿಸಿ. ಕ್ಯಾರೆಕ್ಟರ್ ಸಾಯುತ್ತಾ ಬಿದ್ದಿರುವಾಗ ನಿಯಮ ಬದಲಿಸುವುದು ಮೋಸ ಎಂದೇ ನನ್ನ ಭಾವನೆ.

ಟೀಚರ್ ಧಾಟಿಯಲ್ಲಿ ಮಾತು ಶುರು ಮಾಡಬೇಡಿ. ಡ್ರೂಯಿಡ್ ಆಡುವ ನನ್ನ ಗೆಳೆಯನಿಗೆ ನಾನು ಹೇಳಿದ್ದು ಇಷ್ಟು: "ನೋಡು ಮಾರಾಯ, ನೀನು ಪುಸ್ತಕದಲ್ಲಿ ಇರೋದನ್ನೇ ಮಾಡ್ತಿದ್ದೀಯ, ತಪ್ಪು ನಿಂದಲ್ಲ. ಆದ್ರೆ ಈ ಎರಡು ಸಾಲು ನೋಡು." ಎಂದು ನೋಟ್‌ಬುಕ್ ಮುಂದಿಟ್ಟೆ. 18 ಮತ್ತು 71. ಅವನು ಸ್ವಲ್ಪ ಹೊತ್ತು ನೋಡಿ, "ಹೊರಗಿನದು ಬಿಟ್ಟುಬಿಡ್ತೀನಿ, ಫೈಟ್‌ನಲ್ಲಿ ಮಾತ್ರ ಕೈ ಹಾಕ್ಬೇಡ" ಅಂದ. ಲೆಕ್ಕ ಎದುರಿಗಿದ್ದರೆ ಮಾತು ಇಷ್ಟು ಬೇಗ ಮುಗಿಯುತ್ತದೆ.

ಜೊತೆಗೆ ಒಂದು ದಾರಿ ತೆರೆದಿಡಿ. ಡ್ರೂಯಿಡ್, ಕ್ಲೆರಿಕ್ ಆದರೆ ಲಾಂಗ್ ರೆಸ್ಟ್ (ರಾತ್ರಿಯ ವಿಶ್ರಾಂತಿ) ಆದ ಮೇಲೆ ಬೇರೆ ಸ್ಪೆಲ್ ತಯಾರು ಮಾಡಿಕೊಳ್ಳಬಹುದು, ನಷ್ಟವಿಲ್ಲ. ರೇಂಜರ್, ಬಾರ್ಡ್, ಸಾರ್ಸರರ್, ವಾರ್‌ಲಾಕ್‌ಗೆ 2014ರ ನಿಯಮದಲ್ಲಿ ಲೆವೆಲ್ ಏರಿದಾಗ ಒಂದು ಸ್ಪೆಲ್ ಬದಲಿಸುವ ಅವಕಾಶ ಮಾತ್ರ. ಅವರಿಗೆ ಅಲ್ಲೇ ಉಚಿತವಾಗಿ ಒಂದು ಬದಲಾವಣೆ ಕೊಟ್ಟುಬಿಡಿ. ಅವರು ಆರಿಸಿಕೊಂಡದ್ದು ಹಳೆಯ ಸ್ಪೆಲ್ಲನ್ನು, ನಿಮ್ಮ ಹೊಸದನ್ನಲ್ಲ.

## ಹಂತ 8: ಪರೀಕ್ಷೆ

ಮೊದಲು ಒಬ್ಬರೇ ಕೂತು ಮೂರು ಕಾಳಗ ಕಾಗದದ ಮೇಲೆ ಓಡಿಸಿ: ಸಾಮಾನ್ಯದ್ದು ಒಂದು, ಒಬ್ಬನೇ ದೊಡ್ಡ ಶತ್ರು ಇರುವುದು ಒಂದು, ಬೆನ್ನುಬೆನ್ನಿಗೆ ಬರುವ ಎರಡು ಸಣ್ಣವು ಸೇರಿ ಒಂದು. ಮೂರನೆಯದು ಬಹಳ ಮುಖ್ಯ, ಸ್ಲಾಟ್ ಉಳಿಸಿಕೊಳ್ಳಬೇಕಾದ ದಿನದಲ್ಲೇ ಸ್ಪೆಲ್‌ನ ನಿಜವಾದ ಬೆಲೆ ಗೊತ್ತಾಗುವುದು. ಆಮೇಲೆ "ಮೂರು ಸೆಷನ್ ಪ್ರಯೋಗ" ಎಂದು ಎಲ್ಲರಿಗೂ ಹೇಳಿ ಟೇಬಲ್‌ಗೆ ತನ್ನಿ. ಅದೇ ನೋಟ್‌ಬುಕ್, ಅದೇ ಸಾಲುಗಳು.

ಕೆಂಪು ದೀಪ ಎಂದು ತಿಳಿಯಬೇಕಾದವು: ಆ ಸ್ಪೆಲ್ಲನ್ನು ಯಾರೂ ತಯಾರು ಮಾಡಿಕೊಳ್ಳುವುದೇ ಇಲ್ಲ, ಅಂದರೆ ನೀವು ಅತಿ ಕತ್ತರಿಸಿದ್ದೀರಿ. ಎಲ್ಲ ಸ್ಲಾಟೂ ಇನ್ನೂ ಅದಕ್ಕೇ ಹೋಗುತ್ತಿದೆ, ಅಂದರೆ ಕತ್ತರಿಸಿದ್ದು ಸಾಲದು. ಅದನ್ನು ಎದುರಿಸಲೆಂದೇ ನೀವು ರಾಕ್ಷಸರನ್ನು ಆರಿಸುತ್ತಿದ್ದೀರಿ. ನಿಮ್ಮ ವಾಕ್ಯದ ಅರ್ಥದ ಬಗ್ಗೆ ಎರಡನೇ ಸಲವೂ ಚರ್ಚೆ ಎದ್ದಿತು, ಅಂದರೆ ಹಂತ 6ಕ್ಕೆ ವಾಪಸ್.

ಒಳ್ಳೆಯ ಗುರುತು ಎಂದರೆ ಪ್ಲೇಯರ್ ಆ ಸ್ಪೆಲ್ ಹಾಕುವ ಮುಂಚೆ ಒಂದು ಕ್ಷಣ ಯೋಚಿಸುವುದು.

## ಹೊತ್ತು ತಿನ್ನುವ ಸ್ಪೆಲ್‌ಗೆ ಬೇರೆ ಮದ್ದು

ಕಂಜೂರ್ ಆನಿಮಲ್ಸ್ 3ನೇ ಲೆವೆಲ್. ಎಂಟು ತೋಳ ಬಂದವು ಎನ್ನಿ. ಪ್ಯಾಕ್ ಟ್ಯಾಕ್ಟಿಕ್ಸ್ ಎಂಬ ಹಿಂಡಿನ ಗುಣದಿಂದ ಎಲ್ಲಕ್ಕೂ ಅಡ್ವಾಂಟೇಜ್, ಅಂದರೆ ಎರಡು ದಾಳ ಹಾಕಿ ಹೆಚ್ಚಿನದನ್ನು ಹಿಡಿಯುವ ಅವಕಾಶ, ಹಾಗಾಗಿ ಪ್ರತಿ ರೌಂಡ್ ಹದಿನಾರು ಡಿ20. ತಗಲಿದ್ದಕ್ಕೆಲ್ಲ 2ಡಿ4 ಮತ್ತು 2, ಜೊತೆಗೆ ಶತ್ರು ಬೀಳದಿರಲು ಸ್ಟ್ರೆಂತ್ ಸೇವ್. ಎಸಿ (ಏಟು ತಗಲಲು ಮುಟ್ಟಬೇಕಾದ ಸಂಖ್ಯೆ) 15 ಇರುವ ಶತ್ರುವಿನ ಮೇಲೆ +4ರಿಂದ ತಗಲುವ ಸಾಧ್ಯತೆ 75%, ಎಂಟು ತೋಳಕ್ಕೆ ರೌಂಡ್‌ಗೆ ಸರಾಸರಿ 42 ಡ್ಯಾಮೇಜ್. ಸಂಖ್ಯೆಯೂ ಹೆಚ್ಚೇ. ಆದರೆ ಟೇಬಲ್ ಕೆಡಿಸುವುದು ಗಡಿಯಾರ: ಒಬ್ಬರ ಟರ್ನ್ ಮುಗಿಯುವಷ್ಟರಲ್ಲಿ ಉಳಿದ ಮೂವರು ಫೋನ್ ತೆಗೆದಿರುತ್ತಾರೆ.

ಇಲ್ಲಿ ಡ್ಯಾಮೇಜ್ ಕಡಿಮೆ ಮಾಡಿದರೂ ಹದಿನಾರು ದಾಳ ಉರುಳಿಸಲೇಬೇಕು. ಕಡಿಮೆ ಮಾಡಬೇಕಾದದ್ದು ತಲೆಗಳ ಸಂಖ್ಯೆ. ಎರಡಕ್ಕಿಂತ ಹೆಚ್ಚು ಪ್ರಾಣಿ ಬೇಡ ಎನ್ನುವುದು ಸುಲಭದ ದಾರಿ. ಹಿಂಡೇ ಬೇಕು ಎನ್ನುವ ಪ್ಲೇಯರ್ ಇದ್ದರೆ ನಿಗದಿತ ಡ್ಯಾಮೇಜ್ ಬಳಸಿ, ತೋಳ ಒಮ್ಮೆ ಕಚ್ಚಿದರೆ 7, ದಾಳ ಬೇಡ. 2024ರ ಆವೃತ್ತಿ ಇನ್ನೂ ಮುಂದೆ ಹೋಗಿ ಬಿಡಿ ಪ್ರಾಣಿಗಳನ್ನೇ ತೆಗೆದುಹಾಕಿತು. ಈಗ ಅದು ಚಲಿಸುವ ಒಂದೇ ಹಿಂಡು, ಹತ್ತಿರ ಬಂದವರಿಗೆ ಡೆಕ್ಸ್‌ಟೆರಿಟಿ ಸೇವ್, ಸೋತರೆ 3ಡಿ10. ಒಂದು ಸೇವ್, ಮೂರು ದಾಳ. ನೀವು ಹಳೆಯ ನಿಯಮದಲ್ಲೇ ಆಡುತ್ತಿದ್ದರೂ ಈ ಒಂದು ಸ್ಪೆಲ್ಲನ್ನು ಎರವಲು ತರಬಹುದು, ನಮ್ಮ ಟೇಬಲ್‌ನಲ್ಲಿ ಯಾವ ತಕರಾರೂ ಬರಲಿಲ್ಲ. ತೋಳದ ಬೆನ್ನೇರಿ ಹೋಗುವ ಆಸೆ ಇದ್ದವರಿಗೆ ಮಾತ್ರ ಬೇಸರವಾದೀತು. ಅಂಥವರಿದ್ದರೆ "ಒಂದು ಅಥವಾ ಎರಡು ಪ್ರಾಣಿ" ಎಂಬ ಮೊದಲ ದಾರಿಯೇ ವಾಸಿ.

ತಿದ್ದುಪಡಿ ನಿಂತ ಮೇಲೆ ಅದನ್ನು ದಿನಾಂಕ ಹಾಕಿ ಒಂದು ಹಾಳೆಯಲ್ಲಿ ಬರೆದು ಎಲ್ಲ ಪ್ಲೇಯರ್‌ಗಳಿಗೂ ಕೊಡಿ. ಹಳೆಯ ವಾಕ್ಯ ಮೇಲೆ, ಹೊಸ ವಾಕ್ಯ ಕೆಳಗೆ, ಪಕ್ಕದಲ್ಲಿ ಎರಡು ಅಂಕಿ. ಹೊಸ ಕ್ಯಾಂಪೇನ್ (ಹಲವು ಸೆಷನ್ ನಡೆಯುವ ಒಂದು ಕಥೆ) ಶುರುವಾದಾಗ ಕ್ಯಾರೆಕ್ಟರ್ ಮಾಡುವ ಮುಂಚೆಯೇ ಆ ಹಾಳೆ ಟೇಬಲ್ ಮೇಲಿರಲಿ.